ಲೊರೆಟ್ಟಾ ಎಂಬ ನಂಬರ್ ಪ್ಲೇಟು

ಡೆಲ್ಬರ್ಟ್ ಫುಲ್ಚರ್ ಪುಕ್ಕಲನಲ್ಲ. ಈ ಮಾತನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದುತ್ತ ಹೋದವರು ಯಾರೂ ಇದನ್ನು ಒಪ್ಪುವುದಿಲ್ಲ. ವರ್ಜೀನಿಯಾದ ಬೆಟ್ಟಗಳ ನಡುವೆ ಟಕರ್ಸ್ ಗ್ಯಾಪ್ ಎಂಬ ಊರಿನಲ್ಲಿ ಅವನು ನಿವೃತ್ತನಾಗುವವರೆಗೂ ವಿದ್ಯುತ್ ಕಂಬ ಹತ್ತುವ ಕೆಲಸದಲ್ಲಿದ್ದವನು. ಹಿಮ ಸುರಿದು ತಂತಿ ಹರಿದ ದಿನ ಊರೆಲ್ಲ ಕಂಬಳಿ ಹೊದ್ದು ಕೂತಿದ್ದರೆ, ಈತ ಕಂಬದ ತುದಿಯಲ್ಲಿ ಸಿಳ್ಳೆ ಹಾಕುತ್ತಿದ್ದ. ಒಮ್ಮೆ ಹಿತ್ತಲಿನ ಕಸದ ಡಬ್ಬಿಗೆ ಬಾಯಿ ಹಾಕಿದ ಕರಡಿಯನ್ನು ಬರೀ ಪೊರಕೆ ತೋರಿಸಿ ಓಡಿಸಿದ್ದ. ಇಂಥ ವೀರಾಧಿವೀರನ ಎದೆಬಡಿತವನ್ನು ನಿಲ್ಲಿಸಬಲ್ಲದ್ದು ಭೂಮಂಡಲದಲ್ಲಿ ಒಂದೇ. ಅದು ಅವನ ಹೆಂಡತಿ ಲೊರೆಟ್ಟಾ ಮೆಲ್ಲಗೆ "ಡೆಲ್?" ಎನ್ನುವುದು. ಜೋರಾಗಿ ಕೂಗಿದರೆ ಪರವಾಗಿಲ್ಲ, ಊಟಕ್ಕೆ ಕರೆಯುತ್ತಿದ್ದಾಳೆ ಎಂದರ್ಥ. ಮೆಲ್ಲಗೆ ಅಂದರೆ ಮಾತ್ರ ಅವನು ತಾನು ಮಾಡಿದ್ದನ್ನೂ ಮಾಡದೆ ಇದ್ದದ್ದನ್ನೂ ಒಟ್ಟಿಗೆ ಒಪ್ಪಿಕೊಂಡುಬಿಡುತ್ತಿದ್ದ.

ಲೊರೆಟ್ಟಾಗೆ ಸ್ವಂತ ಕಾರಿನ ಮೇಲೆ ನಂಬಿಕೆಯಿಲ್ಲ. ಒಂದನ್ನು ಕೊಂಡು, ಅದು ಮುದಿಯಾಗುವುದನ್ನು ನೋಡಿ, ಅದರ ಕೆಮ್ಮು ಗೂರಲುಗಳಿಗೆ ಆರೈಕೆ ಮಾಡುವ ಕೆಲಸ ಗಂಡನೊಬ್ಬನದ್ದೇ ಸಾಕಷ್ಟಿದೆ ಎಂದು ಅವಳ ವಾದ. ಹಾಗಾಗಿ ಅವರ ಮನೆಯಲ್ಲಿ ಯಾವಾಗಲೂ ಲೀಸಿನ ಕಾರು. ಮೂರು ವರ್ಷ ಓಡಿಸಿ, ಷೋರೂಮಿಗೆ ವಾಪಸ್ ಕೊಟ್ಟು, ಇನ್ನೊಂದು ಹೊಸದು ತರುವುದು. ಕಾರು ಎಷ್ಟು ಬದಲಾದರೂ ಬದಲಾಗದೆ ಉಳಿದದ್ದು ಅದರ ನಂಬರ್ ಪ್ಲೇಟು. ನಂಬರ್ ಎನ್ನುವುದೂ ತಪ್ಪು, ಅದರಲ್ಲಿ ಒಂದು ಅಂಕಿಯೂ ಇರಲಿಲ್ಲ. ಬಿಳಿಯ ತಗಡಿನ ಮೇಲೆ ನೀಲಿ ಅಕ್ಷರದಲ್ಲಿ 'ಲೊರೆಟ್ಟಾ' ಎಂದಷ್ಟೇ ಇತ್ತು.

ಆ ಸೀಮೆಯಲ್ಲಿ ಸರ್ಕಾರಕ್ಕೆ ವರ್ಷವರ್ಷವೂ ಕಾಣಿಕೆ ಸಲ್ಲಿಸಿದರೆ ಕಾರಿಗೆ ಬೇಕಾದ ಹೆಸರು ಬರೆದುಕೊಡುತ್ತಾರೆ. ಆದರೆ ರಾಜ್ಯಕ್ಕೆಲ್ಲ ಒಂದು ಹೆಸರು ಒಬ್ಬರಿಗೆ ಮಾತ್ರ. ಇದರಿಂದ ಒಂದು ವೈರ ಹುಟ್ಟಿತ್ತು. ಅವರದೇ ಚರ್ಚಿನಲ್ಲಿ, ಅದೇ ಹಾಡುವ ಮೇಳದಲ್ಲಿ, ಲೊರೆಟ್ಟಾ ಸ್ಟೋನ್‌ಮನ್ ಎಂಬಾಕೆ ಇದ್ದಳು. ಒಂದಾನೊಂದು ಕಾಲದಲ್ಲಿ ಇಬ್ಬರೂ ಆ ಹೆಸರಿಗಾಗಿ ಸಾರಿಗೆ ಕಚೇರಿಗೆ ಹೋಗಿದ್ದರು. ನಮ್ಮ ಲೊರೆಟ್ಟಾ ಬೆಳಗ್ಗೆ ಹೋದಳು, ಆಕೆ ಮಧ್ಯಾಹ್ನ ಹೋದಳು. ಅಂದಿನಿಂದ ಊರಿನವರು ಆಕೆಯನ್ನು 'ಇನ್ನೊಬ್ಬಳು ಲೊರೆಟ್ಟಾ' ಎಂದೇ ಕರೆಯತೊಡಗಿದರು. ಹೆತ್ತವರು ಇಟ್ಟ ಹೆಸರಿಗೆ ಜೀವಮಾನವಿಡೀ ಆ 'ಇನ್ನೊಬ್ಬಳು' ಅಂಟಿಕೊಂಡರೆ ಯಾರಿಗೆ ತಾನೆ ಉರಿಯುವುದಿಲ್ಲ? ಆಕೆ ಪ್ರತಿ ವಸಂತದಲ್ಲೂ ಜೇನಿನಂಥ ದನಿಯಲ್ಲಿ ವಿಚಾರಿಸುವಳು: "ಲೊರೆಟ್ಟಾ, ಪ್ಲೇಟಿನ ದುಡ್ಡು ಕಟ್ಟಿದ್ಯಾ ಚಿನ್ನ? ನಿಂಗೆ ಈಚೀಚೆಗೆ ಮರೆವು ಜಾಸ್ತಿ ಅಂತ ಕೇಳಿದೆ." ನಮ್ಮವಳು ಅಷ್ಟೇ ಸಿಹಿಯಾಗಿ, "ಕಟ್ಟಿದೀನಿ ಕಣೆ. ನಾನು ಸತ್ತ ಮೇಲೆ ನಿಂಗೇ ಸಿಗತ್ತೆ, ಕಾಯ್ತಿರು" ಎನ್ನುವಳು. ಪಾದ್ರಿಗಳು ನಡುವೆ ಬಂದು ಹವಾಮಾನದ ಮಾತೆತ್ತುವರು.

ಈ ಸಲ ಲೀಸು ಮುಗಿಯುವ ವಾರವೇ ನಾಕ್ಸ್‌ವಿಲ್‌ನಲ್ಲಿ ಲೊರೆಟ್ಟಾಳ ಅಕ್ಕ ಸೊಂಟದ ಆಪರೇಷನ್ ಮಾಡಿಸಿಕೊಂಡಳು. ಅಕ್ಕನ ಮಗಳು ಕಾರು ತಂದು ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದರೂ ಲೊರೆಟ್ಟಾ ಹೊಸ್ತಿಲಲ್ಲಿ ನಿಂತು ಗಂಡನಿಗೆ ಪಾಠ ಒಪ್ಪಿಸುವಂತೆ ಹೇಳಿದಳು.

"ಗುರುವಾರ ಕಾರು ವಾಪಸ್ ಕೊಡ್ಬೇಕು. ಮೊದ್ಲು ಏನ್ಮಾಡ್ತೀಯ?"

"ಪ್ಲೇಟು ಬಿಚ್ತೀನಿ."

"ಆಮೇಲೆ?"

"ಕೀ ಕೊಡ್ತೀನಿ."

"ಮೊದ್ಲು ಕೀ ಕೊಟ್ಟುಬಿಟ್ರೆ?"

"ಬಿಚ್ಚೋಕೆ ಕಾರೇ ಇರಲ್ಲ."

"ಜಾಣ. ಕಾರು ಕಂಪನೀದು, ಹೆಸರು ನಂದು. ಅವರದ್ದು ಅವರಿಗೆ ಕೊಡು, ನಂದು ಮನೆಗೆ ತಾ. ಅಷ್ಟು ಮಾಡಿದ್ರೆ ಸಾಕು, ಬೇರೆ ಏನೂ ಮಾಡಕ್ಕೆ ಹೋಗ್ಬೇಡ. ನೀನು ಜಾಸ್ತಿ ಏನಾದ್ರೂ ಮಾಡಿದಾಗ್ಲೇ ಕೆಡೋದು."

ಡೆಲ್ ಮರೆಯುವವನಲ್ಲ. ಗುರುವಾರ ಬೆಳಗ್ಗೆ ಸ್ಕ್ರೂಡ್ರೈವರನ್ನು ಅಂಗಿಯ ಜೇಬಿಗೆ, ಹೃದಯದ ಮೇಲೆಯೇ, ಇಟ್ಟುಕೊಂಡು ಹೊರಟವನು ಅವನು. ಆದರೆ ಅವನಿಗೆ ಅಂದು ಇನ್ನೊಂದು ಹೆದರಿಕೆ ಇತ್ತು. ಕಾರಿನ ಹಿಂದಿನ ಬಾಗಿಲಲ್ಲಿ ಸಣ್ಣ ನೆಗ್ಗು. (ಸಣ್ಣದೆಂದರೆ ಕಲ್ಲಂಗಡಿ ಕೂರುವಷ್ಟು.) ಮನೆಮುಂದಿನ ಅಂಚೆಡಬ್ಬಿಯ ಕಂಬಕ್ಕೆ ಅವನೇ ತಾಗಿಸಿದ್ದು, ಆ ಬಾಗಿಲನ್ನು ಅಂದಿನಿಂದ ಗೋಡೆಯ ಕಡೆ ತಿರುಗಿಸಿಯೇ ನಿಲ್ಲಿಸುತ್ತಿದ್ದುದರಿಂದ ಲೊರೆಟ್ಟಾ ನೋಡಿರಲಿಲ್ಲ. ಲೀಸಿನ ಕಾರು ವಾಪಸ್ ಕೊಡುವಾಗ ಷೋರೂಮಿನವರು ಹೆಣ್ಣು ನೋಡಲು ಬಂದವರ ಹಾಗೆ ಸುತ್ತು ಬಂದು ತಪ್ಪು ಹುಡುಕುತ್ತಾರೆ. ಗೀರಿಗೊಂದು ದಂಡ, ನೆಗ್ಗಿಗೊಂದು ದಂಡ, ಆ ದಂಡದ ಚೀಟಿ ನೇರವಾಗಿ ಲೊರೆಟ್ಟಾಳ ಕೈಗೆ.

ಡೆಲ್ ಷೋರೂಮಿನ ಅಂಗಳಕ್ಕೆ ಹೋದವನೇ ಕಾರಿನಿಂದಿಳಿದು ತನ್ನ ಬೆನ್ನಿನ ಕೆಳಭಾಗವನ್ನು ಆ ನೆಗ್ಗಿಗೆ ಸರಿಯಾಗಿ ಹೊಂದಿಸಿ ಒರಗಿ ನಿಂತ. ಸೇಲ್ಸ್‌ಮನ್ ಬ್ರೆಂಟ್ ಕಾರಿನ ಸುತ್ತ ಬಂದ. ಬಗ್ಗಿ ಟೈರು ನೋಡಿದ, ಗಾಜು ಸವರಿದ. ಡೆಲ್ ಅಲುಗಲಿಲ್ಲ.

"ಕೂತ್ಕೋಳಿ ಮಿಸ್ಟರ್ ಫುಲ್ಚರ್. ಒಳಗೆ ಕಾಫಿ ಇದೆ, ಡೋನಟ್ ಇದೆ."

"ಬೇಡಪ್ಪ, ಇಲ್ಲೇ ಗಾಳಿ ಚೆನ್ನಾಗಿದೆ."

"ಸೊಂಟ ಏನಾದ್ರೂ..."

"ಸೊಂಟ ನನ್ನ ಹೆಂಡ್ತಿಯ ಅಕ್ಕಂದು. ನಂದು ಗಟ್ಟಿಯಾಗೇ ಇದೆ."

ಬ್ರೆಂಟ್ ಒಳ್ಳೆಯ ಮನೆತನದವನು, ಹಿರಿಯರಿಗೆ ಪಕ್ಕಕ್ಕೆ ಸರಿಯಿರಿ ಎನ್ನಲು ಬಾಯಿ ಬರಲಿಲ್ಲ. "ಎಲ್ಲಾ ಸರಿಯಾಗಿದೆ" ಎಂದು ಬರೆದುಕೊಂಡ. ಡೆಲ್‌ಗೆ ಎಂಥ ಬಿಡುಗಡೆ ಎನಿಸಿತೆಂದರೆ, ಕೀಯನ್ನು ತಾನೇ ಮುಂದಾಗಿ ಅವನ ಕೈಗೆ ತುರುಕಿದ. ಹೊಸ ಕಾರಿಗೆ ಸದ್ಯಕ್ಕೆ ಕಾಗದದ ಪ್ಲೇಟು ಅಂಟಿಸಿಕೊಟ್ಟು ಬ್ರೆಂಟ್ ಹೇಳಿದ: "ನಿಮ್ಮ ಹೆಸರಿನ ಪ್ಲೇಟನ್ನ ಈ ಕಾರಿಗೆ ವರ್ಗ ಮಾಡೋಕೆ ಅರ್ಜಿ ಕಳಿಸಿದೀನಿ. ಮನೇಲಿ ನಿಧಾನವಾಗಿ ಹಾಕ್ಕೊಳಿ." ಡೆಲ್ "ಆಗಲಿ, ಆಗಲಿ" ಎಂದು ತಲೆಯಾಡಿಸಿದ. ಮನಸ್ಸೆಲ್ಲ ನೆಗ್ಗಿನಲ್ಲೇ ಇದ್ದವನಿಗೆ ಮಾತು ಕಿವಿಯೊಳಗೆ ಇಳಿಯಲಿಲ್ಲ. ಮನೆವರೆಗೂ ಸಿಳ್ಳೆ ಹಾಕಿಕೊಂಡು ಬಂದ.

ಒಳಗೆ ಕಾಲಿಡುತ್ತಿದ್ದಂತೆ ಫೋನು.

"ಕಾರು ಕೊಟ್ಯಾ?"

"ಕೊಟ್ಟೆ, ಹೊಸದನ್ನ ತಂದೆ. ಸೀಟು ತಾನಾಗೇ ಬಿಸಿಯಾಗತ್ತೆ ಲೊರೆಟ್ಟಾ!"

"ಪ್ಲೇಟು ಬಿಚ್ಚಿದ್ಯಾ?"

"ಬಿಚ್ಚಿದೆ." ಇದನ್ನು ಡೆಲ್ ಹೇಳಲಿಲ್ಲ, ಅವನ ಬಾಯಿ ಹೇಳಿತು. ಹೆಂಡತಿಯ ಪ್ರಶ್ನೆಗೆ ಹೌದೆನ್ನುವುದು ಅದಕ್ಕೆ ನಲವತ್ತು ವರ್ಷದ ಅಭ್ಯಾಸ.

"ಎಲ್ಲಿಟ್ಟಿದೀಯ?"

"ಅಡುಗೆಮನೆ ಮೇಜಿನ ಮೇಲೆ." ಹೇಳುತ್ತ ಅವನು ಮೇಜಿನ ಕಡೆ ನೋಡಿದ. ಅಲ್ಲಿ ಉಪ್ಪಿನ ಶೀಶೆ ಇತ್ತು. ಮೆಣಸಿನಪುಡಿಯ ಶೀಶೆ ಇತ್ತು. ಅವನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಸ್ಕ್ರೂಡ್ರೈವರು ಹೃದಯದ ಮೇಲೆ ತಣ್ಣಗೆ ಮಲಗಿತ್ತು.

"ಒಳ್ಳೇದು. ಶನಿವಾರ ಸಂಜೆ ಬರ್ತೀನಿ" ಎಂದು ಲೊರೆಟ್ಟಾ ಫೋನಿಟ್ಟಳು. ಡೆಲ್ ನೆಲದ ಮೇಲೆ ಕೂತುಬಿಟ್ಟ. ಕುರ್ಚಿ ಪಕ್ಕದಲ್ಲೇ ಇತ್ತು.

ಷೋರೂಮಿಗೆ ಫೋನು ಮಾಡಿದರೆ ಬ್ರೆಂಟ್ ಸಹಾನುಭೂತಿಯಿಂದ, "ಅಯ್ಯೋ, ಆ ಕಾರು ಆಗ್ಲೇ ಲಾರಿ ಹತ್ತಿ ಹರಾಜಿನ ಅಂಗಳಕ್ಕೆ ಹೋಯ್ತಲ್ಲ! ಅಲ್ಲಿ ಸಾವಿರಾರು ಕಾರು ನಿಂತಿರತ್ತೆ. ನೋಡ್ತೀನಿ, ಆದ್ರೆ ಮಾತು ಕೊಡಲ್ಲ" ಎಂದ. ಡೆಲ್‌ನ ಕಣ್ಣೆದುರು ಎರಡು ಚಿತ್ರ ಬಂದವು. ಒಂದರಲ್ಲಿ ಲೊರೆಟ್ಟಾ ಖಾಲಿ ಮೇಜನ್ನು ನೋಡುತ್ತ ನಿಂತಿದ್ದಳು. ಇನ್ನೊಂದರಲ್ಲಿ ಇನ್ನೊಬ್ಬಳು ಲೊರೆಟ್ಟಾ ಚರ್ಚಿನ ಅಂಗಳಕ್ಕೆ ಹೊಸ ಪ್ಲೇಟಿನ ಕಾರಿನಲ್ಲಿ ಬಂದಿಳಿದು ಕೈಬೀಸುತ್ತಿದ್ದಳು. ಯಾವುದು ಹೆಚ್ಚು ಭಯಂಕರ ಎಂದು ಅವನಿಗೆ ತೀರ್ಮಾನಿಸಲಾಗಲಿಲ್ಲ.

ಇಂಥ ಆಪತ್ತಿನಲ್ಲಿ ಆ ಊರಿನ ಗಂಡಸರು ಹೋಗುವುದು ಹಾಯ್ಟ್‌ನ ಹಾರ್ಡ್‌ವೇರ್ ಅಂಗಡಿಗೆ. ಹಾಯ್ಟ್‌ನನ್ನು ಇಬ್ಬರು ಹೆಂಡಿರು ಬಿಟ್ಟುಹೋಗಿದ್ದರು, ಆದ್ದರಿಂದ ಹೆಂಡತಿಯರ ವಿಷಯದಲ್ಲಿ ಅವನೇ ಊರಿಗೆ ಪಂಡಿತ.

"ಮರೆತೆ ಅಂತ ಹೇಳಿದ್ರೆ ಏನಾಗತ್ತೆ?" ಡೆಲ್ ಕೇಳಿದ.

"ಸಾಯ್ತೀಯ."

"ಕಳೆದುಹೋಯ್ತು ಅಂದ್ರೆ?"

"ನಿಧಾನವಾಗಿ ಸಾಯ್ತೀಯ. ಕೇಳು ಇಲ್ಲಿ, ಕಳುವಾಯ್ತು ಅನ್ನು. ಕಳ್ಳತನಕ್ಕೆ ಯಾವ ಹೆಂಡತೀನೂ ಗಂಡನ್ನ ಬೈಯಲ್ಲ ಕಣೋ. ಕಳ್ಳನ್ನ ಬೈತಾಳೆ. ಆದ್ರೆ ನಿಜ ಅನ್ನಿಸ್ಬೇಕಂದ್ರೆ ಪೊಲೀಸರಿಗೆ ದೂರು ಕೊಡ್ಬೇಕು. ದೂರಿದ್ರೆ ಯಾರಾದ್ರೂ ನಂಬ್ತಾರೆ."

"ಅದು ಸುಳ್ಳು ದೂರಲ್ವೇನೋ?"

"ಸುಳ್ಳು ದೂರಿಗೆ ಷೆರಿಫ್ ಏನ್ಮಾಡ್ತಾನೆ? ಜೈಲಿಗೆ ಹಾಕ್ತಾನೆ. ಅಲ್ಲಿಗೆ ಲೊರೆಟ್ಟಾ ಬರೋಕಾಗಲ್ಲ. ಎರಡೂ ಕಡೆ ಲಾಭ ನಿಂಗೆ."

ಹೆದರಿದವನಿಗೆ ಇಂಥ ತರ್ಕವೂ ವೇದವಾಕ್ಯವಾಗಿ ಕೇಳುತ್ತದೆ. ಡೆಲ್ ಅಲ್ಲಿಂದಲೇ ಷೆರಿಫ್ ಕಚೇರಿಗೆ ಫೋನು ಮಾಡಿದ. ಅತ್ತ ಕಡೆಯ ಹೆಂಗಸು ಬಹಳ ಸೌಜನ್ಯದಿಂದ ವಿಚಾರಿಸಿದಳು. ಪ್ಲೇಟಿನ ಮೇಲೆ ಏನು ಬರೆದಿತ್ತು ಎಂದು ಹೇಳುವವರೆಗೂ ಎಲ್ಲ ಸುಸೂತ್ರವಾಗಿತ್ತು.

"ಲೊರೆಟ್ಟಾ ಅಂತ ಬರೆದದ್ದನ್ನ ಕದಿಯೋರು ಯಾರಿರ್ತಾರೆ ಸರ್? ಲೊರೆಟ್ಟಾ ಅಂತ ಹೆಸರಿರೋಳೇ. ಕದ್ದೋಳನ್ನ ನೋಡಿದ್ರಾ ನೀವು?"

ಡೆಲ್ ಇಲ್ಲವೆನ್ನಬಹುದಿತ್ತು. ಆದರೆ ಹೇಳಿದೆವಲ್ಲ, ಹೆಂಗಸರು ದೃಢವಾಗಿ ಪ್ರಶ್ನೆ ಕೇಳಿದರೆ ಅವನ ಬಾಯಿ ಅವನ ಮಾತು ಕೇಳುವುದಿಲ್ಲ. "ನೋಡಿದೆ" ಎಂದಿತು.

"ಹೇಗಿದ್ದಳು?"

ಹೇಗಿದ್ದಳು! ಅವನ ಮನಸ್ಸಿನಲ್ಲಿ ಆಗ ಇದ್ದದ್ದು ಒಂದೇ ಒಂದು ಮುಖ. ಅದನ್ನು ಬಿಟ್ಟು ಬೇರೆ ಮುಖ ಕಲ್ಪಿಸಿಕೊಳ್ಳಲು ಎಷ್ಟು ಒದ್ದಾಡಿದರೂ ಆಗಲಿಲ್ಲ. "ಅರವತ್ತು ದಾಟಿದೋಳು... ಬೆಳ್ಳಿ ಕೂದಲು, ಗುಂಗುರು... ಕನ್ನಡಕಕ್ಕೆ ಮಣಿಸರ ಕಟ್ಟಿ ಕತ್ತಿಗೆ ಹಾಕ್ಕೊಂಡಿರ್ತಾಳೆ... ಗದ್ದ ಸ್ವಲ್ಪ ಮೇಲೆ ಎತ್ತಿ ನಡೀತಾಳೆ."

"ಅಪಾಯಕಾರಿ ಅನ್ನಿಸ್ತಾ?"

"ತುಂಬಾ" ಎಂದ ಡೆಲ್. ಆ ಸಂಭಾಷಣೆಯಲ್ಲಿ ಅವನು ಹೃದಯದಿಂದ ಹೇಳಿದ ಮಾತು ಅದೊಂದೇ.

ಶನಿವಾರ ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ಡೆಲ್ ಹಿತ್ತಲಿನಿಂದ ಓಡಿಹೋಗುವುದೋ ಮಂಚದಡಿ ಸೇರುವುದೋ ಎಂದು ಯೋಚಿಸಿ, ಕೊನೆಗೆ ಪರದೆ ಸರಿಸಿ ನೋಡಿದರೆ ಬ್ರೆಂಟ್. ಅವನ ಕೈಯಲ್ಲಿ ಎರಡು ತಗಡು, ಒಂದು ಮುಂದಿನದು, ಒಂದು ಹಿಂದಿನದು. "ಹರಾಜಿನವರು ಬಿಚ್ಚಿ ಮೂಲೆಗೆಸೆದಿದ್ರು. ನಾನೇ ಹೋಗಿ ಹುಡುಕಿದೆ. ನಮ್ಮಮ್ಮನೂ ಇಂಥ ಪ್ಲೇಟು ಇಟ್ಕೊಂಡಿದಾರೆ ಮಿಸ್ಟರ್ ಫುಲ್ಚರ್, ಕಷ್ಟ ನಂಗರ್ಥವಾಗತ್ತೆ" ಎಂದ. ಡೆಲ್ ಅವನನ್ನು ಅಪ್ಪಿಕೊಂಡ. ತಗಡುಗಳನ್ನು ಹೊಸ ಕಾರಿಗೆ ಬಿಗಿದ. ಬಿಗಿದ ಮೇಲೆ ಇನ್ನೊಂದು ಸುತ್ತು ಬಿಗಿದ.

ಆಮೇಲೆ ನೆನಪಾಯಿತು, ದೂರು ಇನ್ನೂ ಷೆರಿಫನ ಬಳಿ ಇದೆಯೆಂದು. ವಾಪಸ್ ಪಡೆಯಬೇಕೆಂದರೆ ಸುಳ್ಳು ಹೇಳಿದ್ದನ್ನು ಒಪ್ಪಿಕೊಳ್ಳಬೇಕು. ಫೋನು ಎತ್ತಿದ, ಆ ಸೌಜನ್ಯದ ದನಿ ಕೇಳಿಸಿದೊಡನೆ ಇಟ್ಟುಬಿಟ್ಟ. ಪೊಲೀಸರಿಗೆ ಕೊಲೆ ಸುಲಿಗೆ ನೂರೆಂಟು ಕೆಲಸವಿರುತ್ತದೆ, ಎರಡು ತಗಡಿನ ಹಿಂದೆ ಯಾರು ಅಲೆಯುತ್ತಾರೆ ಎಂದು ತನಗೆ ತಾನೇ ಹೇಳಿಕೊಂಡ. (ಟಕರ್ಸ್ ಗ್ಯಾಪಿನಲ್ಲಿ ಕೊಲೆಯೂ ಇಲ್ಲ, ಸುಲಿಗೆಯೂ ಇಲ್ಲ. ಅಲ್ಲಿನ ಪೊಲೀಸರು ಇಂಥದ್ದೊಂದು ಪ್ರಕರಣಕ್ಕಾಗಿ ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು.)

ಸಂಜೆ ಲೊರೆಟ್ಟಾ ಬಂದಿಳಿದಳು. ಮೊದಲು ಗಂಡನನ್ನು ನೋಡಲಿಲ್ಲ, ಕಾರಿನ ಮೂತಿ ನೋಡಿದಳು. ಹಿಂದೆ ಹೋಗಿ ನೋಡಿದಳು. ಆಮೇಲೆ ಗಂಡನ ಮುಂದೆ ಬಂದು ನಿಂತಳು.

"ಡೆಲ್, ಒಂದು ಮಾತು ಹೇಳ್ಬೇಕು. ನಾಕ್ಸ್‌ವಿಲ್‌ನಲ್ಲಿ ನಂಗೆ ನಿದ್ದೆಯಿಲ್ಲ. ಇವನು ಮರೆತೇ ಮರೀತಾನೆ ಅಂತ ಅಕ್ಕನ ಹತ್ರ ಹೇಳಿ ಅತ್ತೂಬಿಟ್ಟೆ. ನೀನು ಮೇಜಿನ ಮೇಲಿದೆ ಅಂದಾಗ್ಲೂ ನಂಬಿರ್ಲಿಲ್ಲ. ತಪ್ಪಾಯ್ತು." ಎಂದವಳೇ ಅವನ ಕೆನ್ನೆಗೆ ಮುತ್ತಿಟ್ಟು, ಅವನಿಗಿಷ್ಟವಾದ ಪೀಚ್ ಹಣ್ಣಿನ ಪೈ ಮಾಡಲು ಒಳಗೆ ಹೋದಳು. ಡೆಲ್‌ಗೆ ಆ ಪೈ ತಿನ್ನುವ ಮುಖವಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಈ ಪ್ರೀತಿಯನ್ನು ಹೊರುವಷ್ಟು ಗಟ್ಟಿ ಎದೆ ಅವನಿಗಿರಲಿಲ್ಲ, ಅವನು ಅಂದು ನಿಜಕ್ಕೂ ನಾಚಿಕೊಂಡ.

ಭಾನುವಾರ ಚರ್ಚಿಗೆ ಹೊರಡುವ ಹೊತ್ತಿಗೆ ನಾಚಿಕೆ ಹೋಗಿ ಮತ್ತೆ ಭಯ ಬಂದಿತ್ತು.

"ನಡ್ಕೊಂಡೇ ಹೋಗೋಣ್ವಾ? ಬಿಸಿಲು ಚೆನ್ನಾಗಿದೆ."

"ನಾಲ್ಕು ಮೈಲಿ, ಡೆಲ್."

"ನನ್ನ ಹಳೇ ಪಿಕಪ್‌ನಲ್ಲಿ ಹೋಗೋಣ."

"ಅದ್ರಲ್ಲಿ ಗೊಬ್ಬರ ಇದೆ. ಹೊಸ ಕಾರನ್ನ ಇನ್ನೊಬ್ಬಳು ನೋಡೋದು ಬೇಡ್ವಾ?"

ಲೊರೆಟ್ಟಾ ಗದ್ದ ಮೇಲೆತ್ತಿ ಸ್ಟೀರಿಂಗ್ ಹಿಡಿದಳು. ಕನ್ನಡಕದ ಮಣಿಸರ ಬಿಸಿಲಿಗೆ ಮಿರುಗಿತು. ಪಕ್ಕದಲ್ಲಿ ಕೂತ ಡೆಲ್ ಕನ್ನಡಿಯಿಂದ ಕಣ್ಣು ಕೀಳಲಿಲ್ಲ. ಹಾಲಿನ ಲಾರಿ ಬಂದರೆ ಬೆಚ್ಚಿದ, ಹಿಂದೆ ನಾಯಿ ಓಡಿಬಂದರೂ ಬೆಚ್ಚಿದ. ಸೀಟು ತಾನಾಗಿಯೇ ಬಿಸಿಯಾಗುತ್ತಿತ್ತು, ಡೆಲ್ ಮಾತ್ರ ತಣ್ಣಗಾಗುತ್ತಿದ್ದ. ಚರ್ಚಿನ ಅಂಗಳಕ್ಕೆ ತಿರುಗುವಷ್ಟರಲ್ಲಿ ಕನ್ನಡಿಯ ತುಂಬ ನೀಲಿ ದೀಪ ಮಿಣಮಿಣ ತಿರುಗತೊಡಗಿತು. ಸೈರನ್ನು ಒಮ್ಮೆ ಕೂಗಿ ನಿಂತಿತು. ಮೆಟ್ಟಿಲ ಮೇಲೆ ಹರಟುತ್ತಿದ್ದ ಸಮಸ್ತ ಭಕ್ತಸಮೂಹ ಇತ್ತ ತಿರುಗಿತು. ಮುಂದಿನ ಸಾಲಿನಲ್ಲೇ ಇನ್ನೊಬ್ಬಳು ಲೊರೆಟ್ಟಾ.

ಷೆರಿಫನ ಕೈಕೆಳಗಿನ ಎತ್ತರದ ಡೆಪ್ಯುಟಿ ಒಬ್ಬ ಇಳಿದು ಬಂದ. ಎದೆಯ ಮೇಲೆ ಯಾನ್ಸಿ ಎಂಬ ಹೆಸರಿತ್ತು. ದೂರ ನಿಂತೇ ಕೂಗಿದ: "ಕೈ ಎರಡೂ ಸ್ಟೀರಿಂಗ್ ಮೇಲೆ ಇಡಿ ಮೇಡಂ!"

"ಅಲ್ಲೇ ಇದೆ. ನಿಮ್ಮ ಕೈ ಜೇಬಿಂದ ತೆಗೀರಿ, ಚರ್ಚ್ ಇದು" ಎಂದಳು ಲೊರೆಟ್ಟಾ.

"ನಿಮ್ಮ ಹೆಸರೇನು?"

"ಓದೋಕೆ ಬರಲ್ವಾ? ಕಾರಿನ ಎರಡೂ ಕಡೆ ಬರೆದಿದೆಯಲ್ಲಾ. ಲೊರೆಟ್ಟಾ!"

ಡೆಪ್ಯುಟಿಯ ಮುಖದಲ್ಲಿ ಬೇಟೆ ಸಿಕ್ಕ ಕಳೆ ಬಂತು. "ಅದೇ ಮೇಡಂ. ಈ ಪ್ಲೇಟು ಕಳುವಾದದ್ದು ಅಂತ ದೂರಿದೆ. ನಮ್ಮ ದಾಖಲೆಯಲ್ಲಿ ಅದರ ಕಾರು ಇನ್ನೂ ಬೂದು ಬಣ್ಣದ್ದು, ಇದು ಕೆಂಪು. ಎರಡರ ಮಾಲೀಕರೂ ಯಾವುದೋ ಲೀಸ್ ಕಂಪನಿ. ನಿಮ್ಮ ಹೆಸರು ಎಲ್ಲೂ ಇಲ್ಲ. ಕದ್ದವಳ ಚಹರೆ ಹೇಳ್ತೀನಿ ಕೇಳಿ. ಅರವತ್ತು ದಾಟಿದೆ. ಬೆಳ್ಳಿ ಕೂದಲು, ಗುಂಗುರು. ಕತ್ತಿನಲ್ಲಿ ಮಣಿಸರದ ಕನ್ನಡಕ. ಗದ್ದ ಮೇಲೆತ್ತಿ ನಡೆಯುತ್ತಾಳೆ. ತುಂಬಾ ಅಪಾಯಕಾರಿ."

ಮೆಟ್ಟಿಲ ಮೇಲಿದ್ದವರೆಲ್ಲ ಪ್ರತಿ ಮಾತಿಗೂ ಲೊರೆಟ್ಟಾಳನ್ನು ನೋಡಿ ತಲೆಯಾಡಿಸಿದರು. ಕೊನೆಯ ಮಾತಿಗೆ ಪಾದ್ರಿಗಳೂ ತಲೆಯಾಡಿಸಿದರು. ಅಷ್ಟರಲ್ಲಿ ಇನ್ನೊಬ್ಬಳು ಲೊರೆಟ್ಟಾ ಜನರನ್ನು ಸೀಳಿಕೊಂಡು ಮುಂದೆ ಬಂದಳು.

"ಓಹೋ! ನಿನ್ನೆ ಪೊಲೀಸರು ನನ್ನ ಗ್ಯಾರೇಜಿಗೆ ನುಗ್ಗಿ ಹೊದಿಕೆಯೆಲ್ಲ ಕಿತ್ತು ನೋಡಿದ್ದು ಇದಕ್ಕೇನಾ? ನಿನ್ನ ಹೆಸರು ಲೊರೆಟ್ಟಾ, ಅಷ್ಟೇ ಸಾಕು ಅಂದ್ರು ನಂಗೆ! ನೆರೆಹೊರೆಯವರೆಲ್ಲ ನೋಡ್ತಿದ್ರು. ಅಲ್ವೇ ಲೊರೆಟ್ಟಾ, ನಂಗೆ ಪ್ಲೇಟು ಬೇಕಿತ್ತು ನಿಜ, ಕಳ್ಳಿ ಅನ್ನಿಸ್ಬಿಟ್ಯಲ್ಲೇ ನನ್ನ!"

"ನಾನು ನಾಕ್ಸ್‌ವಿಲ್‌ನಲ್ಲಿದ್ದೆ ಕಣೆ! ನಾನ್ಯಾಕೆ ದೂರು ಕೊಡ್ಲಿ? ನನ್ನ ಪ್ಲೇಟು ನನ್ನ ಅಡುಗೆಮನೆ ಮೇಜಿನ ಮೇಲಿತ್ತು." ಲೊರೆಟ್ಟಾ ಡೆಪ್ಯುಟಿಯ ಕಡೆ ತಿರುಗಿದಳು. "ದೂರು ಕೊಟ್ಟವರು ಯಾರ್ರೀ?"

ಡೆಪ್ಯುಟಿ ಫೋನು ನೋಡಿದ. "ಡೆಲ್ಬರ್ಟ್ ಫುಲ್ಚರ್ ಅನ್ನೋರು. ಕದಿಯೋದನ್ನ ಕಣ್ಣಾರೆ ನೋಡಿದ್ರಂತೆ."

ಡೆಲ್ ಸೀಟು ಬೆಲ್ಟಿನೊಳಗೆ ಆದಷ್ಟು ಕುಗ್ಗಿದ, ಬೆಲ್ಟು ಮಾತ್ರ ಕುಗ್ಗಲಿಲ್ಲ. ಲೊರೆಟ್ಟಾ ತಿರುಗದೆ, ಕೈಯನ್ನು ಸ್ಟೀರಿಂಗ್ ಮೇಲೆಯೇ ಇಟ್ಟುಕೊಂಡು, ಬಹಳ ಮೆಲ್ಲಗೆ ಕೇಳಿದಳು: "ಡೆಲ್?"

ಅವನು ಎಲ್ಲವನ್ನೂ ಒಪ್ಪಿಕೊಂಡ. ಸ್ಕ್ರೂಡ್ರೈವರು, ಹರಾಜಿನ ಅಂಗಳ, ಖಾಲಿ ಮೇಜು, ಹಾಯ್ಟ್, ದೂರು. ಯಾರೂ ಕೇಳದಿದ್ದರೂ ಬಾಗಿಲಿನ ನೆಗ್ಗನ್ನೂ ಒಪ್ಪಿಕೊಂಡ. "ನನ್ನ ಚಹರೆ ಯಾಕೆ ಹೇಳಿದ್ಯೋ?" ಎಂದು ಲೊರೆಟ್ಟಾ ಕೇಳಿದಾಗ, "ಹೆದರಿಕೆಯಾದಾಗ ನಂಗೆ ನಿನ್ನ ಮುಖ ಬಿಟ್ಟು ಬೇರೆ ಯಾವ ಮುಖಾನೂ ಜ್ಞಾಪಕ ಬರಲ್ಲ ಲೊರೆಟ್ಟಾ" ಎಂದ. ಇದನ್ನು ಅವನು ಪ್ರೀತಿಯಿಂದ ಹೇಳಿದನೆಂದು ಮೇಳದ ಒಬ್ಬಿಬ್ಬರು ಹೆಂಗಸರು ನಂಬಿ ಕಣ್ಣೊರೆಸಿಕೊಂಡರು. ಲೊರೆಟ್ಟಾ ನಂಬಲಿಲ್ಲ.

ಡೆಪ್ಯುಟಿ ಯಾನ್ಸಿ ಡೆಲ್‌ನನ್ನು ಪಕ್ಕಕ್ಕೆ ಕರೆದು ದೀರ್ಘವಾಗಿ ಎಚ್ಚರಿಸಿದ. ಕೊನೆಗೆ ಕಾರಿನೊಳಗೆ ಕಣ್ಣು ಹಾಯಿಸಿ, "ಇದಕ್ಕಿಂತ ದೊಡ್ಡ ಶಿಕ್ಷೆ ನಮ್ಮ ಕಾನೂನಿನಲ್ಲಿಲ್ಲ" ಎಂದು ಬಿಟ್ಟುಬಿಟ್ಟ. ಆದರೆ ಪ್ಲೇಟನ್ನು ಬಿಡಲಿಲ್ಲ. ಕಳುವಿನ ಪಟ್ಟಿಗೆ ಒಮ್ಮೆ ಸೇರಿದ ತಗಡು ರಸ್ತೆಯಲ್ಲಿ ಓಡುವಂತಿಲ್ಲವಂತೆ. ಅಲ್ಲೇ, ಎಲ್ಲರ ಎದುರಿನಲ್ಲೇ, ಡೆಲ್‌ನೇ ಸ್ಕ್ರೂ ಬಿಚ್ಚಬೇಕಾಯಿತು. ಎರಡು ಸಲ ಬಿಗಿದಿದ್ದರಿಂದ ಬಿಚ್ಚಲು ಬಹಳ ಹೊತ್ತು ಹಿಡಿಯಿತು.

ಸೋಮವಾರ ಲೊರೆಟ್ಟಾ ಸಾರಿಗೆ ಕಚೇರಿಗೆ ಹೋದಳು. ಕಳುವಿನ ದೂರು ಬಿದ್ದ ಹೆಸರನ್ನು ಇನ್ನು ಯಾರಿಗೂ ಕೊಡುವುದಿಲ್ಲ, ಕಂಪ್ಯೂಟರೇ ಬೀಗ ಹಾಕಿಬಿಟ್ಟಿದೆ ಎಂದರು ಅಲ್ಲಿನವರು. ಅದೇ ಸಾಲಿನಲ್ಲಿ, ಅವಳ ಹಿಂದೆ, ಇನ್ನೊಬ್ಬಳು ಲೊರೆಟ್ಟಾ ನಿಂತಿದ್ದಳು. (ಯಾಕೆ ನಿಂತಿದ್ದಳು ಎಂದು ಯಾರೂ ಕೇಳಲಿಲ್ಲ.) ಆಕೆಗೂ ಅದೇ ಉತ್ತರ ಸಿಕ್ಕಿತು. ಇಡೀ ರಾಜ್ಯದಲ್ಲಿ ಇನ್ನು ಲೊರೆಟ್ಟಾ ಎಂಬ ಕಾರು ಇಲ್ಲ. ಆ ಇಬ್ಬರು ಹೆಂಗಸರು ಅಂಗಳದ ಬೆಂಚಿನ ಮೇಲೆ ಕೂತು ಒಬ್ಬರ ಹೆಗಲ ಮೇಲೊಬ್ಬರು ಅತ್ತರಂತೆ. ಅತ್ತು ಹಸಿವಾದಾಗ ಒಟ್ಟಿಗೆ ಊಟಕ್ಕೆ ಹೋದರಂತೆ. ಅಲ್ಲಿ ಸಂಜೆಯವರೆಗೂ ಕೂತಿದ್ದರಂತೆ. ಏನು ಮಾತಾಡಿದರೆಂದು ಡೆಲ್‌ಗೆ ಗೊತ್ತಾಗಲಿಲ್ಲ. ಆದರೆ ಅಂದು ಮನೆಗೆ ಬಂದ ಲೊರೆಟ್ಟಾ ನಗುತ್ತಿದ್ದಳು. ಆ ನಗು ನೋಡಿ ಅವನಿಗೆ ಚಳಿಜ್ವರ ಬಂದಂತಾಯಿತು.

ಮುಂದಿನ ವಾರಗಳು ಅವನ ಬದುಕಿನಲ್ಲೇ ಅತ್ಯಂತ ಭೀಕರವಾದವು. ಲೊರೆಟ್ಟಾ ಬೈಯಲಿಲ್ಲ. ಅವನ ಹೆಸರನ್ನು ಮೆಲ್ಲಗೂ ಹೇಳಲಿಲ್ಲ, ಜೋರಾಗಿಯೂ ಹೇಳಲಿಲ್ಲ. ಹೊತ್ತುಹೊತ್ತಿಗೆ ಊಟ ಬಡಿಸಿದಳು. ಕಾಫಿಗೆ ಸಕ್ಕರೆ ಸರಿಯಾಗಿ ಹಾಕಿದಳು. ಡೆಲ್ ಪ್ರತಿ ತುತ್ತನ್ನೂ ಅನುಮಾನದಿಂದ ಅಗಿದ. ಹಾಯ್ಟ್‌ನನ್ನು ಕೇಳಿದರೆ, "ನನ್ನ ಮೊದಲನೆಯವಳೂ ಕೊನೇ ತಿಂಗಳು ಹೀಗೇ ನಗ್ತಿದ್ದಳು" ಎಂದ.

ಒಂದು ಶುಕ್ರವಾರ ಅಂಚೆಯಲ್ಲಿ ದಪ್ಪ ಲಕೋಟೆ ಬಂತು. ಲೊರೆಟ್ಟಾ ಅದನ್ನು ಬಿಡಿಸದೆ, ಮೇಲೊಂದು ಸ್ಕ್ರೂಡ್ರೈವರು ಇಟ್ಟು, ಗಂಡನ ಮುಂದೆ ಚಾಚಿದಳು. "ಹಾಕು" ಎಂದಳು.

ಡೆಲ್ ಲಕೋಟೆ ಬಿಡಿಸಿದ. ಒಳಗೆ ಹೊಸ ತಗಡು ಹೊಳೆಯುತ್ತಿತ್ತು. ಅದರ ಮೇಲೆ ಅವಳ ಹೆಸರಿರಲಿಲ್ಲ. 'ಡೆಲ್‌ನನ್ನೇ ಕೇಳಿ' ಎಂದಿತ್ತು.

"ಏನು ಕೇಳೋದು?" ಎಂದ ಅವನು ತೊದಲುತ್ತ.

"ಅದನ್ನೇ ಎಲ್ಲರೂ ಕೇಳ್ತಾರೆ."

ಕೇಳಿದರು. ಪೆಟ್ರೋಲ್ ಬಂಕಿನಲ್ಲಿ ಕೇಳಿದರು, ಬ್ಯಾಂಕಿನ ಮುಂದೆ ಕೇಳಿದರು, ಕೆಂಪು ದೀಪ ಬಿದ್ದ ಕಡೆಯೆಲ್ಲ ಪಕ್ಕದ ಕಾರಿನವರು ಗಾಜು ಇಳಿಸಿ, "ಡೆಲ್ ಯಾರು? ಏನು ಕೇಳ್ಬೇಕು?" ಎಂದರು. ಲೊರೆಟ್ಟಾ ಗದ್ದದಿಂದಲೇ ಪಕ್ಕದ ಸೀಟು ತೋರಿಸುವಳು. ಮೊದಮೊದಲು ಅವನು ಸೀಟಿನಿಂದ ಕೆಳಗೆ ಜಾರಿ ಅಡಗಿಕೊಳ್ಳುತ್ತಿದ್ದ. ಹೆದರಿಕೆಯೂ ಹಳತಾದರೆ ಅಭ್ಯಾಸವಾಗುತ್ತದೆ. ಹೇಳುತ್ತ ಹೇಳುತ್ತ ಅವನು ಕಥೆಯನ್ನು ಅಲ್ಲಲ್ಲಿ ತಿದ್ದತೊಡಗಿದ. ನೆಗ್ಗು ಸಣ್ಣದಾಯಿತು. ಲಾರಿಯನ್ನು ಬೆನ್ನಟ್ಟಿ ಪ್ಲೇಟು ಕಿತ್ತು ತಂದವನು ಬ್ರೆಂಟ್ ಹೋಗಿ ಡೆಲ್ ಆದ. ಕಳ್ಳಿಯೊಬ್ಬಳು ನಿಜವಾಗಿಯೂ ಇದ್ದಳೇನೋ ಎನ್ನುವವರೆಗೆ ಬಂತು. ಕೇಳಿದವರು ಭೇಷ್ ಎನ್ನತೊಡಗಿದರು. ಈ ಪ್ಲೇಟು ಅಷ್ಟೇನೂ ಕೆಟ್ಟದ್ದಲ್ಲ ಎಂದು ಡೆಲ್‌ಗೂ ಅನ್ನಿಸತೊಡಗಿತು. ಬಹಳ ದಿನಗಳ ಮೇಲೆ ಅವನು ಮತ್ತೆ ಸಿಳ್ಳೆ ಹಾಕಿದ.

ಆ ಭಾನುವಾರ ಚರ್ಚಿನ ಅಂಗಳದಲ್ಲಿ ಲೊರೆಟ್ಟಾ ಸ್ಟೋನ್‌ಮನ್ ಅವನಿಗಾಗಿಯೇ ಕಾಯುತ್ತಿದ್ದಳು. ಅವಳ ಲೀಸೂ ಮುಗಿದು ಹೊಸ ಕಾರು ಬಂದಿತ್ತು.

"ಡೆಲ್, ನಂಗೂ ಒಂದು ಪ್ಲೇಟು ಬಂದಿದೆ. ನಿಂಗೆ ಕೈ ಪಳಗಿದೆಯಲ್ಲ, ಒಂಚೂರು ಬಿಗಿದುಕೊಡಪ್ಪ" ಎಂದಳು ಜೇನಿನಂಥ ದನಿಯಲ್ಲಿ.

ಅವನು ಸಂತೋಷದಿಂದಲೇ ಮಂಡಿಯೂರಿದ. ತಗಡನ್ನು ಉಲ್ಟಾ ಹಿಡಿದು ಕೊಟ್ಟಿದ್ದರು, ತಿರುಗಿಸಿ ಓದಿದ. ಓದಿ ಹಿಂದೆ ನೋಡಿದ. ಇಬ್ಬರು ಲೊರೆಟ್ಟಾಗಳೂ ಕೈಕೈ ಹಿಡಿದು ನಿಂತಿದ್ದರು. ಸ್ಕ್ರೂ ನಾಲ್ಕೂ ಬಿಗಿದು ಮುಗಿಸದೆ ಏಳುವಂತಿರಲಿಲ್ಲ.

ಅಂದಿನಿಂದ ಆ ಎರಡು ಕಾರುಗಳು ಎಲ್ಲೇ ಹೋದರೂ ಅಕ್ಕಪಕ್ಕವೇ ನಿಲ್ಲುತ್ತವೆ. ಈಗ ಯಾರೂ ಡೆಲ್‌ನನ್ನು ಏನೂ ಕೇಳುವುದಿಲ್ಲ. ಮೊದಲನೆಯ ಕಾರಿನಲ್ಲಿ 'ಡೆಲ್‌ನನ್ನೇ ಕೇಳಿ' ಎಂದು ಓದಿದವರು, ಎರಡನೆಯದರಲ್ಲಿ 'ಡೆಲ್ ಹೇಳುವುದು ಸುಳ್ಳು' ಎಂದು ಓದಿಕೊಂಡು ಮುಂದೆ ಹೋಗುತ್ತಾರೆ.